ಮಾರ್ಚ್ 31ರ ಲೆಕ್ಕ

ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಸಕ್ಕರೆ ಕಾರ್ಖಾನೆಗಳು ದೀಪಾವಳಿಯ ಆಸುಪಾಸಿನಲ್ಲಿ ಕಬ್ಬು ನುರಿಸಲು ಶುರು ಮಾಡುತ್ತವೆ. ಮಾರ್ಚ್ ಹೊತ್ತಿಗೆ ಹಂಗಾಮು ಮುಗಿಯುತ್ತ ಬಂದಿರುತ್ತದೆ. ಲೆಕ್ಕಪತ್ರದ ವರ್ಷ ಮುಗಿಯುವುದೂ ಆಗಲೇ. ಹೀಗಾಗಿ ಮಾರ್ಚ್ 31ರಂದು ಗೋದಾಮಿನ ತುಂಬ ಸಕ್ಕರೆ ಮೂಟೆ. ಅಡಾವೆ ಪತ್ರಿಕೆಯಲ್ಲಿ (ಬ್ಯಾಲೆನ್ಸ್ ಶೀಟ್) ಆ ದಾಸ್ತಾನು ‘ಚಾಲ್ತಿ ಆಸ್ತಿ’ ಎಂಬ ತಲೆಬರಹದ ಕೆಳಗೆ ಕೂರುತ್ತದೆ. ಇನ್ನೊಂದು ಬದಿಯಲ್ಲಿ, ‘ಚಾಲ್ತಿ ಹೊಣೆ’ಯ ಕೆಳಗೆ, ಆ ಸಕ್ಕರೆಯನ್ನೇ ಒತ್ತೆಯಿಟ್ಟು ಬ್ಯಾಂಕಿನಿಂದ ತಂದ ಸಾಲ ಮತ್ತು ಕಬ್ಬು ಬೆಳೆಗಾರರ ಬಾಕಿ. ಮೊದಲನೆಯ ಮೊತ್ತವನ್ನು ಎರಡನೆಯದರಿಂದ ಭಾಗಿಸಿದರೆ ಬರುವ ಸಂಖ್ಯೆಯೇ ಕರೆಂಟ್ ರೇಷಿಯೋ. ಕಾಲೇಜಿನ ವಾಣಿಜ್ಯ ಪಠ್ಯಗಳಲ್ಲಿ ಇದರ ಹೆಸರು ಚಾಲ್ತಿ ಅನುಪಾತ. ಒಂದು ವರ್ಷದೊಳಗೆ ಹಣವಾಗಬೇಕಾದ ಆಸ್ತಿ ಎಷ್ಟು, ಒಂದು ವರ್ಷದೊಳಗೆ ತೀರಿಸಬೇಕಾದ ಬಾಕಿ ಎಷ್ಟು ಎಂಬುದನ್ನು ಅದು ಒಂದೇ ಅಂಕಿಯಲ್ಲಿ ಹೇಳುತ್ತದೆ.

ಲೆಕ್ಕಕ್ಕಾಗಿ ಒಂದು ಕಾರ್ಖಾನೆಯನ್ನು ಊಹಿಸಿಕೊಳ್ಳಬಹುದು. ಸಕ್ಕರೆ ದಾಸ್ತಾನು 300 ಕೋಟಿ ರೂಪಾಯಿ, ಬರಬೇಕಾದದ್ದು ಮತ್ತು ಕೈಯಲ್ಲಿರುವುದು ಸೇರಿ 50 ಕೋಟಿ, ವರ್ಷದೊಳಗೆ ಕೊಡಬೇಕಾದ ಒಟ್ಟು ಬಾಕಿ 280 ಕೋಟಿ. ರೇಷಿಯೋ 1.25. ಕಾಗದದ ಮೇಲೆ ಬಾಕಿಗಿಂತ ಆಸ್ತಿ ಹೆಚ್ಚೇ ಇದೆ. ಆದರೆ 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ರೈತ ಕಬ್ಬು ಒಪ್ಪಿಸಿದ 14 ದಿನಗಳೊಳಗೆ ಹಣ ಕೊಡಬೇಕು, ತಡವಾದರೆ ವರ್ಷಕ್ಕೆ ಶೇಕಡಾ 15ರ ಬಡ್ಡಿ. ಸಕ್ಕರೆಯನ್ನು ಮಾತ್ರ ಕಾರ್ಖಾನೆ ಬೇಕೆಂದಾಗ ಮಾರುವಂತಿಲ್ಲ. ಕೇಂದ್ರ ಸರ್ಕಾರ ತಿಂಗಳು ತಿಂಗಳಿಗೆ ನಿಗದಿ ಮಾಡುವ ಕೋಟಾದಷ್ಟೇ ಹೊರಗೆ ಹೋಗಬೇಕು. ಹಾಗಾಗಿ ಮೇಲಿನ 300 ಕೋಟಿ ಹಣವಾಗಲು ಹಲವು ತಿಂಗಳು ಬೇಕು, ಕೆಳಗಿನ ಬಾಕಿಯಲ್ಲಿ ರೈತನ ಪಾಲಿನ ಗಡುವು ಎರಡೇ ವಾರ. ಅಷ್ಟರಲ್ಲಿ ಸಕ್ಕರೆ ಬೆಲೆ ತಯಾರಿಕಾ ವೆಚ್ಚಕ್ಕಿಂತ ಶೇಕಡಾ 10ರಷ್ಟು ಕೆಳಗೆ ಬಿದ್ದರೆ ದಾಸ್ತಾನು 270 ಕೋಟಿಗೆ ಇಳಿಯುತ್ತದೆ, ರೇಷಿಯೋ 1.14 ಆಗುತ್ತದೆ. ಬೆಲೆ ಬಿತ್ತೆಂದು ಬಾಕಿ ಒಂದು ರೂಪಾಯಿಯೂ ಕರಗುವುದಿಲ್ಲ. 2018ರಲ್ಲಿ ದೇಶದಾದ್ಯಂತ ಆದದ್ದು ಇದೇ. ಉತ್ಪಾದನೆ ವಿಪರೀತವಾಗಿ ಬೆಲೆ ಕುಸಿಯಿತು, ಕಬ್ಬಿನ ಬಾಕಿ ಬೆಟ್ಟದಷ್ಟಾಯಿತು. ಆ ಜೂನ್‌ನಲ್ಲಿ ಸರ್ಕಾರ ಸಕ್ಕರೆಗೆ ಕಿಲೋಗೆ 29 ರೂಪಾಯಿಯ ಕನಿಷ್ಠ ಮಾರಾಟ ಬೆಲೆ ಕಟ್ಟಿತು. 2019ರ ಫೆಬ್ರುವರಿಯಲ್ಲಿ ಅದನ್ನು 31 ರೂಪಾಯಿಗೆ ಏರಿಸಿತು.

ಕರೆಂಟ್ ರೇಷಿಯೋ ಎಷ್ಟು ಎಂದು ಕೇಳುವವರು ಬಹಳ. ಆಸ್ತಿ ಯಾವಾಗ ಹಣವಾಗುತ್ತದೆ, ಬಾಕಿ ಯಾವಾಗ ಬಾಗಿಲಿಗೆ ಬರುತ್ತದೆ ಎಂದು ಕೇಳುವವರು ಕಡಿಮೆ. ಕಂಪನಿಯ ಅಲ್ಪಾವಧಿಯ ಆರೋಗ್ಯ ಇರುವುದು ಈ ಎರಡನೆಯ ಪ್ರಶ್ನೆಯಲ್ಲಿ ಎಂಬುದೇ ಈ ಉಪನ್ಯಾಸದ ವಾದ.

ಈ ಅನುಪಾತ ಹುಟ್ಟಿದ್ದು ಸಾಲ ಕೊಡುವವರ ಮನೆಯಲ್ಲಿ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಅಮೆರಿಕದ ಬ್ಯಾಂಕುಗಳು ಸಾಲ ಕೇಳಿ ಬಂದ ವ್ಯಾಪಾರಿಗಳಿಂದ ಅಡಾವೆ ಪತ್ರಿಕೆ ಕೇಳತೊಡಗಿದವು. ಚಾಲ್ತಿ ಆಸ್ತಿ, ಚಾಲ್ತಿ ಹೊಣೆಗಳನ್ನು ಎದುರುಬದುರಾಗಿಟ್ಟು ನೋಡುವ ರೂಢಿ ಬೆಳೆದದ್ದು ಆಗ. ಆಸ್ತಿ ಎರಡಕ್ಕೆ ಹೊಣೆ ಒಂದಿರಬೇಕು ಎಂಬ ಸೂತ್ರ ಅಲ್ಲಿಂದಲೇ ಬಂತು. ಅದರ ಹಿಂದಿನ ತರ್ಕ ಸರಳ: ನಾಳೆ ಅಂಗಡಿ ಮುಚ್ಚಿ, ಸರಕೆಲ್ಲ ಅರ್ಧ ಬೆಲೆಗೆ ಹರಾಜಾದರೂ ಬ್ಯಾಂಕಿನ ಅಸಲು ಕೈಗೆ ಬರಬೇಕು. ಇದು ಮುಚ್ಚುವ ಅಂಗಡಿಗೆ ಹಾಕಿದ ಲೆಕ್ಕ. ನಡೆಯುತ್ತಿರುವ ಅಂಗಡಿಗೂ ಅದನ್ನೇ ಹಚ್ಚುವುದು ಸರಿಯೇ ಎಂಬ ಸಂಶಯ ಬೇಗನೇ ಎದ್ದಿತು. 1919ರಲ್ಲಿ ಅಲೆಕ್ಸಾಂಡರ್ ವಾಲ್ ಎಂಬವರು ಅಮೆರಿಕದ ಫೆಡರಲ್ ರಿಸರ್ವ್‌ನ ಪತ್ರಿಕೆಯಲ್ಲಿ 981 ಕಂಪನಿಗಳ ಏಳು ಅನುಪಾತಗಳನ್ನು ಲೆಕ್ಕ ಹಾಕಿ ಪ್ರಕಟಿಸಿದರು. ಒಂದು ವ್ಯಾಪಾರಕ್ಕೂ ಇನ್ನೊಂದಕ್ಕೂ, ಒಂದು ಪ್ರದೇಶಕ್ಕೂ ಇನ್ನೊಂದಕ್ಕೂ ಅಂಕಿಗಳು ಬೇರೆ ಬೇರೆ ಎಂದು ಆ ಕೋಷ್ಟಕಗಳೇ ಹೇಳಿದವು. ಅಷ್ಟಾದರೂ ‘ಎರಡಕ್ಕೆ ಒಂದು’ ಇಂದಿಗೂ ಪಠ್ಯಪುಸ್ತಕ ಬಿಟ್ಟು ಹೋಗಿಲ್ಲ.

ಭಾರತದಲ್ಲಿ ಇದಕ್ಕೆ ಬೇರೊಂದು ಅಂಕಿ ಬಂತು. 1974ರಲ್ಲಿ ರಿಸರ್ವ್ ಬ್ಯಾಂಕ್ ಪ್ರಕಾಶ್ ಟಂಡನ್ ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ನೇಮಿಸಿತು. ಹಿಂದೂಸ್ತಾನ್ ಲೀವರ್‌ನ ಮೊದಲ ಭಾರತೀಯ ಅಧ್ಯಕ್ಷರಾಗಿದ್ದವರು ಅವರು. ಕಂಪನಿಗಳು ಬ್ಯಾಂಕಿನ ಹಣದಲ್ಲಿ ಬೇಕಾದ್ದಕ್ಕಿಂತ ಹೆಚ್ಚು ದಾಸ್ತಾನು ಕೂಡಿಹಾಕುತ್ತಿವೆ ಎಂಬುದು ಆಗಿನ ಚಿಂತೆ. 1975ರ ವರದಿಯಲ್ಲಿ ದುಡಿಯುವ ಬಂಡವಾಳಕ್ಕೆ ಸಾಲ ಕೊಡುವ ಮೂರು ವಿಧಾನಗಳಿದ್ದವು. ಎರಡನೆಯ ವಿಧಾನದಲ್ಲಿ ಚಾಲ್ತಿ ಆಸ್ತಿಯ ಕಾಲು ಭಾಗವನ್ನು ಉದ್ಯಮಿ ತನ್ನ ಸ್ವಂತದಿಂದಲೋ ದೀರ್ಘಾವಧಿ ಸಾಲದಿಂದಲೋ ತರಬೇಕು. ಆಸ್ತಿ 100 ಇದ್ದರೆ ಬ್ಯಾಂಕು ಮತ್ತು ಸರಕು ಕೊಟ್ಟವರು ಸೇರಿ ಹೊರುವುದು 75 ಮಾತ್ರ. ನೂರನ್ನು ಎಪ್ಪತ್ತೈದರಿಂದ ಭಾಗಿಸಿದರೆ 1.33. ಬ್ಯಾಂಕ್ ಶಾಖೆಗಳಲ್ಲಿ ಮಂತ್ರದಂತೆ ಕೇಳಿಬರುತ್ತಿದ್ದ ಅಂಕಿಯ ಮೂಲ ಇದು. ಮುಂದೆ ರಿಸರ್ವ್ ಬ್ಯಾಂಕಿನದೇ ಚೋರೆ ಸಮಿತಿ ಇದೇ ಎರಡನೆಯ ವಿಧಾನವನ್ನು ಎತ್ತಿಹಿಡಿಯಿತು. ತೊಂಬತ್ತರ ದಶಕದ ಆರಂಭದಲ್ಲಿ ನಾಯಕ್ ಸಮಿತಿ ಸಣ್ಣ ಕೈಗಾರಿಕೆಗಳಿಗೆ ದಾರಿಯನ್ನು ಇನ್ನಷ್ಟು ಸಲೀಸು ಮಾಡಿತು: ವಾರ್ಷಿಕ ವಹಿವಾಟಿನ ಶೇಕಡಾ 25 ದುಡಿಯುವ ಬಂಡವಾಳ, ಅದರಲ್ಲಿ 20 ಬ್ಯಾಂಕಿನದು, 5 ಉದ್ಯಮಿಯದು. ಹಾಗೆ ನೋಡಿದರೆ ಕನಿಷ್ಠ ರೇಷಿಯೋ 1.25.

ಕರಾವಳಿಯಲ್ಲಿ ಹುಟ್ಟಿದ ಕೆನರಾ ಮತ್ತು ಸಿಂಡಿಕೇಟ್ ಬ್ಯಾಂಕುಗಳು 1969ರಲ್ಲಿ, ಕಾರ್ಪೊರೇಷನ್ ಮತ್ತು ವಿಜಯ ಬ್ಯಾಂಕುಗಳು 1980ರಲ್ಲಿ ರಾಷ್ಟ್ರೀಕರಣಗೊಂಡವು. ಕನ್ನಡ ನಾಡಿನ ಒಂದು ತಲೆಮಾರಿನ ಮ್ಯಾನೇಜರುಗಳು ಟಂಡನ್ ಸೂತ್ರದ ಮೇಲೆಯೇ ಸಾಲದ ಅರ್ಜಿ ತೂಗಿದವರು. ಆದರೆ ಅವರು ಆ ಒಂದು ಅಂಕಿಯನ್ನೇ ನಂಬಿ ಕೂತವರಲ್ಲ. ಸಿಸಿ (ಕ್ಯಾಶ್ ಕ್ರೆಡಿಟ್) ಖಾತೆ ಇಟ್ಟ ಉದ್ಯಮಿ ಪ್ರತಿ ತಿಂಗಳು ಸ್ಟಾಕ್ ಸ್ಟೇಟ್‌ಮೆಂಟ್ ಕೊಡಬೇಕಿತ್ತು, ಈಗಲೂ ಕೊಡಬೇಕು. ಎಷ್ಟು ಹಣ ತೆಗೆಯಬಹುದು ಎಂಬ ಮಿತಿಯನ್ನು, ಅಂದರೆ ಡ್ರಾಯಿಂಗ್ ಪವರನ್ನು, ಲೆಕ್ಕ ಹಾಕುವಾಗ ಹಣ ಕೊಟ್ಟಿಲ್ಲದ ಸರಕನ್ನು ಕಳೆಯುತ್ತಾರೆ, ಸಾಮಾನ್ಯವಾಗಿ 90 ದಿನ ದಾಟಿದ ಉದ್ರಿಯನ್ನು ಕೈಬಿಡುತ್ತಾರೆ, ಉಳಿದದ್ದರಲ್ಲೂ ಮಾರ್ಜಿನ್ ಹಿಡಿಯುತ್ತಾರೆ. ಅಡಾವೆ ಪತ್ರಿಕೆಯಲ್ಲಿ ಚಾಲ್ತಿ ಆಸ್ತಿ ಎಂದು ರಾಜಾರೋಷವಾಗಿ ಕೂತ ಹಳೆಯ ಬಾಕಿಗೆ ಶಾಖೆಯ ಮೇಜಿನ ಮೇಲೆ ಬೆಲೆ ಇಲ್ಲ. ಸೂತ್ರಕ್ಕಿಂತ ಈ ತಿಂಗಳ ಪರಿಪಾಠ ಎಷ್ಟೋ ಹರಿತವಾದದ್ದು. 1997ರಲ್ಲಿ ರಿಸರ್ವ್ ಬ್ಯಾಂಕ್ ಟಂಡನ್ ಮಾದರಿಯ ಕಡ್ಡಾಯವನ್ನು ತೆಗೆದುಹಾಕಿತು. 1.33 ಮಾತ್ರ ಅಭ್ಯಾಸಬಲದಿಂದ ಇನ್ನೂ ಹಲವು ಬ್ಯಾಂಕುಗಳ ಸಾಲನೀತಿಯಲ್ಲಿ ಉಳಿದುಕೊಂಡಿದೆ.

ಅಂಕಿಯನ್ನೇ ನಂಬಿ ಕೂತರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಡಬ್ಲ್ಯು.ಟಿ. ಗ್ರಾಂಟ್ ಕಂಪನಿಯ ಕತೆಯನ್ನು ಇಲ್ಲಿ ತುಸು ನಿಂತು ನೋಡಬೇಕು. 1906ರಲ್ಲಿ ಮ್ಯಾಸಚೂಸೆಟ್ಸ್‌ನ ಲಿನ್ ಪಟ್ಟಣದಲ್ಲಿ 25 ಸೆಂಟಿನ ಸರಕು ಮಾರುವ ಒಂದೇ ಅಂಗಡಿಯಾಗಿ ಆರಂಭವಾದ ಇದು ಎಪ್ಪತ್ತರ ದಶಕಕ್ಕೆ ಸಾವಿರಕ್ಕೂ ಹೆಚ್ಚು ಮಳಿಗೆಗಳ ಸರಪಳಿಯಾಯಿತು. ಹೊಸ ಮಳಿಗೆಗಳ ಜೊತೆಗೆ ಪೀಠೋಪಕರಣ, ಗೃಹೋಪಯೋಗಿ ಯಂತ್ರಗಳ ಮಾರಾಟವೂ ಸೇರಿಕೊಂಡಿತು. ಅವು ಬಹುಪಾಲು ಹೋದದ್ದು ಉದ್ರಿಯಲ್ಲಿ, ಉದ್ದದ ಕಂತುಗಳಲ್ಲಿ. ಕಂತಿನ ಬಾಕಿ ವರ್ಷ ದಾಟಿ ವಸೂಲಾಗುವಂಥದ್ದಾದರೂ ಅದು ವ್ಯಾಪಾರದ ಸಹಜ ಚಕ್ರದ ಭಾಗವಾದರೆ ಚಾಲ್ತಿ ಆಸ್ತಿಯೇ ಎಂಬುದು ಅಲ್ಲಿನ ಲೆಕ್ಕದ ರೂಢಿ. ಪರಿಣಾಮವಾಗಿ ಗಿರಾಕಿಗಳು ಹಣ ಕೊಡುವುದು ತಡವಾದಷ್ಟೂ ಬಾಕಿ ಬೆಳೆಯಿತು, ಬಾಕಿ ಬೆಳೆದಷ್ಟೂ ಚಾಲ್ತಿ ಆಸ್ತಿ ಬೆಳೆಯಿತು. 1973ರಲ್ಲಿ ಗ್ರಾಂಟ್ ಷೇರು ಗಳಿಕೆಯ ಇಪ್ಪತ್ತು ಪಟ್ಟಿನ ಹತ್ತಿರ ಮಾರಾಟವಾಗುತ್ತಿತ್ತು. 1974ರಲ್ಲಿ 143 ಬ್ಯಾಂಕುಗಳು ಒಟ್ಟಾಗಿ 60 ಕೋಟಿ ಡಾಲರ್ ಸಾಲದ ವ್ಯವಸ್ಥೆ ಮಾಡಿದವು. 1975ರ ಅಕ್ಟೋಬರ್ 2ರಂದು ಕಂಪನಿ ದಿವಾಳಿ ಅರ್ಜಿ ಹಾಕಿತು.

ಐದು ವರ್ಷದ ಮೇಲೆ, 1980ರಲ್ಲಿ, ಜೇಮ್ಸ್ ಲಾರ್ಗೆ ಮತ್ತು ಕ್ಲೈಡ್ ಸ್ಟಿಕ್ನಿ ಎಂಬ ಇಬ್ಬರು ಪ್ರಾಧ್ಯಾಪಕರು ಗ್ರಾಂಟ್‌ನ ಹಳೆಯ ಲೆಕ್ಕಗಳನ್ನು ಬಿಚ್ಚಿ ಕೂತರು. ದಿವಾಳಿಗೆ ಮುಂಚಿನ ಹತ್ತು ವರ್ಷಗಳಲ್ಲಿ ಬಹುತೇಕ ವರ್ಷ ಕಂಪನಿ ಲಾಭ ತೋರಿಸಿತ್ತು, ವ್ಯಾಪಾರದಿಂದ ಬಂದ ದುಡಿಯುವ ಬಂಡವಾಳವೂ 1973ರವರೆಗೆ ಹೆಚ್ಚು ಏರುಪೇರಿಲ್ಲದೆ ಸ್ಥಿರವಾಗಿದ್ದಂತೆ ಕಾಣುತ್ತಿತ್ತು. ಆದರೆ ವ್ಯಾಪಾರದಿಂದ ಬಂದ ನಗದು ಬಹುತೇಕ ವರ್ಷ ಋಣಾತ್ಮಕವಾಗಿತ್ತು. ಕೆರೆಯ ನೀರಿನ ಮಟ್ಟವನ್ನಷ್ಟೇ ನೋಡಿದವರಿಗೆ ತೂಬು ಎಷ್ಟು ತೆರೆದಿದೆ, ಕಾಲುವೆಯಿಂದ ಎಷ್ಟು ನೀರು ಬರುತ್ತಿದೆ ಎಂಬುದು ತಿಳಿಯದು. ಗ್ರಾಂಟ್‌ಗೆ ಸಾಲ ಕೊಟ್ಟವರು ನೋಡಿದ್ದು ಮಟ್ಟವನ್ನು. ಇಂದು ಕಂಪನಿಗಳು ನಗದು ಹರಿವಿನ ತಖ್ತೆಯನ್ನು ಕಡ್ಡಾಯವಾಗಿ ಪ್ರಕಟಿಸುತ್ತವೆ. ಓದುಗನಿಗೆ ಇಂಥ ವಾದಗಳಿಂದ ದಕ್ಕಿದ ದೊಡ್ಡ ಆಸ್ತಿ ಅದು. ಕರೆಂಟ್ ರೇಷಿಯೋ ನೋಡಿದವರು ಅದರ ಮುಂದಿನ ಹೆಜ್ಜೆಯಾಗಿ ಆ ತಖ್ತೆಗೆ ಹೋಗದಿದ್ದರೆ ನೋಡಿದ್ದು ಅರ್ಧವೇ.

ಗ್ರಾಂಟ್ ಬೀಳುವುದಕ್ಕೆ ಒಂಬತ್ತು ವರ್ಷ ಮೊದಲೇ, 1966ರಲ್ಲಿ, ಸಂಶೋಧಕ ವಿಲಿಯಂ ಬೀವರ್ ಅವರು ಸೋತ 79 ಕಂಪನಿಗಳನ್ನು ಅದೇ ಉದ್ಯಮದ, ಅದೇ ಗಾತ್ರದ, ಸೋಲದ 79 ಕಂಪನಿಗಳ ಪಕ್ಕದಲ್ಲಿಟ್ಟು ನೋಡಿದ್ದರು. ಸೋಲನ್ನು ಮುಂಚಿತವಾಗಿ ಹೇಳುವುದರಲ್ಲಿ ಎಲ್ಲಕ್ಕಿಂತ ಮುಂದಿದ್ದದ್ದು ಒಟ್ಟು ಸಾಲಕ್ಕೆ ನಗದು ಹರಿವಿನ ಅನುಪಾತ. ಬ್ಯಾಂಕುಗಳು ದಶಕಗಳಿಂದ ನೆಚ್ಚಿಕೊಂಡ ಕರೆಂಟ್ ರೇಷಿಯೋ ಅದಕ್ಕಿಂತ ಹಿಂದೆ ಬಿದ್ದಿತ್ತು.

ಈಗ ಉಲ್ಟಾ ಕಡೆಯಿಂದ ನೋಡಬೇಕು. 2023ರ ಸೆಪ್ಟೆಂಬರ್ ಕೊನೆಗೆ ಆ್ಯಪಲ್ ಕಂಪನಿಯ ಚಾಲ್ತಿ ಆಸ್ತಿ ಸುಮಾರು 14,357 ಕೋಟಿ ಡಾಲರ್, ಚಾಲ್ತಿ ಹೊಣೆ ಸುಮಾರು 14,531 ಕೋಟಿ ಡಾಲರ್. ರೇಷಿಯೋ ಒಂದಕ್ಕಿಂತ ಕೆಳಗೆ, 0.99. ಮುಂದಿನ ವರ್ಷ ಅದು 0.87ಕ್ಕೆ ಇಳಿಯಿತು. ಸೂತ್ರ ನಂಬುವವರಿಗೆ ಇದು ಅಪಾಯದ ಗಂಟೆ. ಆದರೆ ಅದೇ 2023ರಲ್ಲಿ ಕಂಪನಿಯ ವ್ಯಾಪಾರದಿಂದ ಹರಿದು ಬಂದ ನಗದು 11,000 ಕೋಟಿ ಡಾಲರ್ ದಾಟಿತ್ತು. ಅವಧಿ ಒಂದು ವರ್ಷಕ್ಕಿಂತ ಹೆಚ್ಚು ಎಂಬ ಒಂದೇ ಕಾರಣಕ್ಕೆ 10,000 ಕೋಟಿ ಡಾಲರಿಗೂ ಮಿಕ್ಕ ಬಾಂಡು ಇತ್ಯಾದಿಗಳು ಚಾಲ್ತಿ ಆಸ್ತಿಯ ಹೊರಗೆ ಕೂತಿದ್ದವು. ಬೇಕೆಂದರೆ ಪೇಟೆಯಲ್ಲಿ ಮಾರಬಹುದಾದ ಕಾಗದಗಳವು. ದಾಸ್ತಾನು ಇದ್ದದ್ದು 633 ಕೋಟಿ ಡಾಲರ್ ಮಾತ್ರ. ಫೋನು ಗೋದಾಮಿನಲ್ಲಿ ಹೆಚ್ಚು ದಿನ ನಿಲ್ಲುವುದಿಲ್ಲ, ಗಿರಾಕಿಯ ಹಣ ಬೇಗ ಬರುತ್ತದೆ, ಬಿಡಿಭಾಗ ಕೊಟ್ಟವರಿಗೆ ಹಣ ಹೋಗುವುದು ನಿಧಾನ. ರೇಷಿಯೋ ಕಡಿಮೆ ಇರುವುದೇ ಅಲ್ಲಿ ಶಕ್ತಿಯ ಗುರುತು.

ಹಾಗೆಂದು ಒಂದಕ್ಕಿಂತ ಕೆಳಗಿನ ಅಂಕಿಯೆಲ್ಲ ಶಕ್ತಿಯೂ ಅಲ್ಲ. ಬೆಂಗಳೂರಿನಿಂದ ಹಾರಿದ ಕಿಂಗ್‌ಫಿಶರ್ ಏರ್‌ಲೈನ್ಸ್‌ನ ಚಾಲ್ತಿ ಆಸ್ತಿಯೂ ಕೊನೆಯ ವರ್ಷಗಳಲ್ಲಿ ಚಾಲ್ತಿ ಹೊಣೆಗಿಂತ ಬಹಳ ಕೆಳಗಿತ್ತು. ಪ್ರಯಾಣಿಕರು ಟಿಕೆಟ್ ಹಣ ಮುಂಗಡವಾಗಿಯೇ ಕೊಡುವುದರಿಂದ ವಿಮಾನಯಾನದಲ್ಲಿ ರೇಷಿಯೋ ಕಡಿಮೆ ಇರುವುದು ಸಹಜ. ಆದರೆ 2005ರಿಂದ ಒಂದು ವರ್ಷವೂ ಲಾಭ ಕಾಣದ ಕಂಪನಿಗೆ ಮುಂಗಡದ ಹಣ ಇಂಧನದ ಹಳೆಯ ಬಾಕಿಗೇ ಸಾಲದು. 2012ರ ಅಕ್ಟೋಬರ್‌ನಲ್ಲಿ ವಿಮಾನಗಳು ನೆಲಕ್ಕಿಳಿದಾಗ ನೌಕರರಿಗೆ ತಿಂಗಳುಗಳ ಸಂಬಳ ಬಾಕಿ ಇತ್ತು. ಎರಡು ಕಂಪನಿಗಳದೂ ಒಂದಕ್ಕಿಂತ ಕೆಳಗಿನ ರೇಷಿಯೋ, ಒಂದಕ್ಕೆ ಒಳಹರಿವು ಇತ್ತು, ಇನ್ನೊಂದಕ್ಕೆ ಇರಲಿಲ್ಲ.

ದಾಸ್ತಾನನ್ನು ಬಿಟ್ಟು, ನಗದು ಮತ್ತು ವಸೂಲಾಗುವ ಬಾಕಿಯನ್ನಷ್ಟೇ ಲೆಕ್ಕಕ್ಕೆ ಹಿಡಿಯಿರಿ, ಅದು ಹೆಚ್ಚು ಗಟ್ಟಿ ಎಂದು ಪಠ್ಯಗಳು ಹೇಳುತ್ತವೆ. ಕ್ವಿಕ್ ರೇಷಿಯೋ, ಆ್ಯಸಿಡ್ ಟೆಸ್ಟ್ ಎಂದೆಲ್ಲ ಇದಕ್ಕೆ ಹೆಸರು. ಸಕ್ಕರೆ ಕಾರ್ಖಾನೆಯ ಮಟ್ಟಿಗೆ ಆ ಮಾತು ನಿಜ. ಆದರೆ 2009ರ ಜನವರಿ 7ರಂದು ಹೈದರಾಬಾದಿನ ಸತ್ಯಂ ಕಂಪ್ಯೂಟರ್ಸ್‌ನ ಅಧ್ಯಕ್ಷ ರಾಮಲಿಂಗ ರಾಜು ತಮ್ಮ ನಿರ್ದೇಶಕ ಮಂಡಳಿಗೆ ಬರೆದ ಪತ್ರವನ್ನು ಈ ಮಾತಿನ ಪಕ್ಕದಲ್ಲಿಡಬೇಕು. 2008ರ ಸೆಪ್ಟೆಂಬರ್ 30ರ ಲೆಕ್ಕದಲ್ಲಿ ತೋರಿಸಿದ್ದ 5,361 ಕೋಟಿ ರೂಪಾಯಿ ನಗದು ಮತ್ತು ಬ್ಯಾಂಕ್ ಶಿಲ್ಕಿನಲ್ಲಿ 5,040 ಕೋಟಿ ಇರಲೇ ಇಲ್ಲ ಎಂದು ಅದರಲ್ಲಿತ್ತು. ಬರಬೇಕಾದ ಬಡ್ಡಿಯೆಂದು ತೋರಿಸಿದ 376 ಕೋಟಿಯೂ ಸುಳ್ಳು. ಗಿರಾಕಿಗಳ ಬಾಕಿ 2,651 ಕೋಟಿಯಲ್ಲಿ 490 ಕೋಟಿ ಉಬ್ಬಿಸಿದ್ದು. ಎಲ್ಲ ಸೇರಿ 5,906 ಕೋಟಿ. ಇದರಲ್ಲಿ ಒಂದು ರೂಪಾಯಿಯೂ ದಾಸ್ತಾನಲ್ಲ. ಸುಳ್ಳು ಅಡಗಿದ್ದದ್ದು ಎಲ್ಲಕ್ಕಿಂತ ನಂಬಿಕಸ್ಥ ಎನಿಸುವ ಸಾಲಿನಲ್ಲೇ. ಎಷ್ಟು ಕಟ್ಟುನಿಟ್ಟಿನ ಅನುಪಾತ ಹಾಕಿದರೂ ಅಷ್ಟಷ್ಟೇ ಸೊಗಸಾದ ಉತ್ತರ ಬರುತ್ತಿತ್ತು. ಸಾವಿರಾರು ಕೋಟಿ ಬ್ಯಾಂಕಿನಲ್ಲಿದ್ದರೆ ಅದಕ್ಕೆ ತಕ್ಕ ಬಡ್ಡಿಯೂ ಕೈಸೇರಿರಬೇಕು. ಬಡ್ಡಿ ಬಂತೋ, ಬರಬೇಕಾದದ್ದಾಗಿಯೇ ಉಳಿದಿದೆಯೋ ಎಂದು ನೋಡುವ ಕಣ್ಣು ಇಂಥಲ್ಲಿ ಅನುಪಾತಕ್ಕಿಂತ ಉಪಯುಕ್ತ.

ಸತ್ಯಂನದು ಸುಳ್ಳಿನ ಕತೆಯಾದರೆ, ಮೂಲಸೌಕರ್ಯ ಯೋಜನೆಗಳಿಗೆ ಹಣ ಹೂಡುತ್ತಿದ್ದ ಐಎಲ್ ಅಂಡ್ ಎಫ್‌ಎಸ್‌ನದು ಕಾಲದ ಹೊಂದಾಣಿಕೆಯ ಸೋಲು. ರಸ್ತೆ, ವಿದ್ಯುತ್ ಯೋಜನೆಗಳಲ್ಲಿ ಹಾಕಿದ ಹಣ ಮರಳಲು ಹತ್ತಿಪ್ಪತ್ತು ವರ್ಷ. ಸಾಲದಲ್ಲಿ ಒಂದು ಪಾಲು ಕೆಲವೇ ತಿಂಗಳಲ್ಲಿ ತೀರಿಸಬೇಕಾದದ್ದು, ಹಳೆಯದನ್ನು ಹೊಸ ಸಾಲದಿಂದ ತಿರುವುತ್ತಲೇ ಇರಬೇಕಾದದ್ದು. ಒಟ್ಟು ಸಾಲ ಸುಮಾರು 91,000 ಕೋಟಿ ರೂಪಾಯಿ. 2018ರಲ್ಲಿ ಕಂತುಗಳು ತಪ್ಪಿದವು, ಅಕ್ಟೋಬರ್ 1ರಂದು ಸರ್ಕಾರ ನಿರ್ದೇಶಕ ಮಂಡಳಿಯನ್ನೇ ಬದಲಿಸಿತು. ಅದಕ್ಕೆ ಕೆಲವೇ ವಾರ ಮುಂಚಿನವರೆಗೂ ಆ ಕಂಪನಿಗೆ ಅತ್ಯುನ್ನತ ದರ್ಜೆಯ ರೇಟಿಂಗ್ ಇತ್ತು.

‘ಒಂದು ವರ್ಷ’ ಎಂಬ ಮಾತೂ ಅಷ್ಟು ಸರಳವಲ್ಲ. ಹನ್ನೆರಡು ತಿಂಗಳು, ಇಲ್ಲವೇ ವ್ಯಾಪಾರದ ಕಾರ್ಯಚಕ್ರ ಎಂದು ಕಂಪನಿ ಕಾಯ್ದೆಯ ಮೂರನೇ ಷೆಡ್ಯೂಲ್ ಹೇಳುತ್ತದೆ. ಬೆಂಗಳೂರಿನ ಅಪಾರ್ಟ್‌ಮೆಂಟ್ ಕಟ್ಟುವವರ ಕಾರ್ಯಚಕ್ರ ಹಲವು ವರ್ಷಗಳದ್ದು. ವೈಟ್‌ಫೀಲ್ಡ್‌ನಲ್ಲೋ ದೇವನಹಳ್ಳಿಯಲ್ಲೋ ಕಂಬ ಎದ್ದಿರುವ ಕಟ್ಟಡ, ಮಾರಾಟವಾಗದೆ ಉಳಿದ ಫ್ಲಾಟು ಎಲ್ಲವೂ ದಾಸ್ತಾನು, ಎಲ್ಲವೂ ಚಾಲ್ತಿ ಆಸ್ತಿ. 2018ರ ಏಪ್ರಿಲ್‌ನಿಂದ ಬಂದ ಹೊಸ ಲೆಕ್ಕಮಾನಕದ ಪ್ರಕಾರ ಬಹುತೇಕ ಯೋಜನೆಗಳಲ್ಲಿ ಮನೆಯ ಕೀಲಿ ಕೈಗೆ ಕೊಡುವವರೆಗೆ ಖರೀದಿದಾರರ ಕಂತುಗಳು ಆದಾಯವಲ್ಲ, ಚಾಲ್ತಿ ಹೊಣೆ. ಆ ಹೊಣೆಯನ್ನು ಕಂಪನಿ ತೀರಿಸುವುದು ಹಣದಲ್ಲಲ್ಲ, ಮನೆಯಲ್ಲಿ. ಇಂಥ ಕಂಪನಿಯ ರೇಷಿಯೋ ಒಂದರ ಆಸುಪಾಸಿದ್ದರೆ ಗಾಬರಿಯೂ ಬೇಡ, ಸಮಾಧಾನವೂ ಬೇಡ. ಮನೆಗಳು ಹೇಳಿದ ದಿನಕ್ಕೆ ಮುಗಿಯುತ್ತಿವೆಯೇ ಎಂಬುದನ್ನು ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದ (ರೇರಾ) ಜಾಲತಾಣದಲ್ಲಿ ನೋಡಬೇಕು.

ಅಂಕಿಯನ್ನು ಒಂದು ದಿನದ ಮಟ್ಟಿಗೆ ಚೆಂದಗಾಣಿಸುವುದು ಕಷ್ಟವಲ್ಲ. ಆಸ್ತಿ 200, ಹೊಣೆ 100 ಇದ್ದರೆ ರೇಷಿಯೋ 2. ಮಾರ್ಚ್ 30ರಂದು ಕೈಯಲ್ಲಿರುವ ಹಣದಿಂದ 50ರ ಬಾಕಿ ತೀರಿಸಿದರೆ 150ಕ್ಕೆ 50, ರೇಷಿಯೋ 3. ಏಪ್ರಿಲ್ ಮೊದಲ ವಾರ ಮತ್ತೆ ಉದ್ರಿ ತಂದರೆ ಯಥಾಸ್ಥಿತಿ. ಆಸ್ತಿ 80, ಹೊಣೆ 100 ಇರುವ ಕಂಪನಿ ಹಾಗೆಯೇ 50 ತೀರಿಸಿದರೆ 30ಕ್ಕೆ 50, 0.8 ಇದ್ದದ್ದು 0.6 ಆಗುತ್ತದೆ. ಬಾಕಿಯನ್ನು ಪ್ರಾಮಾಣಿಕವಾಗಿ ಕೊಟ್ಟದ್ದಕ್ಕೇ ಅಂಕಿ ಕೆಡುತ್ತದೆ. ಒಂದೇ ಕೆಲಸ ಒಬ್ಬರಿಗೆ ಹೊಗಳಿಕೆ, ಇನ್ನೊಬ್ಬರಿಗೆ ತೆಗಳಿಕೆ ತರುವ ಅಳತೆಗೋಲಿನ ಮೇಲೆ ಹೆಚ್ಚು ಭಾರ ಹೇರುವುದು ತಪ್ಪು.

ದೊಡ್ಡ ಕಂಪನಿಗೆ ನಗದು ಬಿಗಿಯಾದಾಗ ಮೊದಲು ಪೆಟ್ಟು ತಿನ್ನುವುದು ಷೇರುದಾರರಲ್ಲ, ಬ್ಯಾಂಕೂ ಅಲ್ಲ. ಪೀಣ್ಯದಲ್ಲಿ ನಾಲ್ಕು ಯಂತ್ರ ಇಟ್ಟುಕೊಂಡು ಬಿಡಿಭಾಗ ಮಾಡಿಕೊಡುವವರ ಬಿಲ್ಲು ಎಲ್ಲರಿಗಿಂತ ಮುಂಚೆ ನಿಲ್ಲುತ್ತದೆ. ಆ ದೊಡ್ಡ ಕಂಪನಿಯ ಚಾಲ್ತಿ ಹೊಣೆಯೇ ಈ ಸಣ್ಣವರ ಚಾಲ್ತಿ ಆಸ್ತಿ. ಬಾಕಿ ಬಂದಿಲ್ಲದಿದ್ದರೂ ಪುಸ್ತಕದಲ್ಲಿ ಅವರ ರೇಷಿಯೋ ಚೆನ್ನಾಗಿಯೇ ಕಾಣುತ್ತದೆ, ಶನಿವಾರದ ಬಟವಾಡೆಗೆ ಮಾತ್ರ ದುಡ್ಡಿಲ್ಲ. 2006ರ ಸಣ್ಣ ಉದ್ಯಮಗಳ ಕಾಯ್ದೆಯ ಪ್ರಕಾರ ಒಪ್ಪಂದವಿದ್ದರೂ 45 ದಿನ ಮೀರಿ ಹಣ ತಡೆಯುವಂತಿಲ್ಲ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಮುಂದಿನ ಆರ್ಡರ್ ತಪ್ಪೀತೆಂಬ ಭಯದಲ್ಲಿ ಆ ಬಡ್ಡಿ ಕೇಳುವ ಧೈರ್ಯ ಸಣ್ಣವರಿಗೆ ಬರುವುದು ಕಷ್ಟ. 2023–24ರ ಲೆಕ್ಕವರ್ಷದಿಂದ ಆದಾಯ ತೆರಿಗೆ ಕಾನೂನು ಇನ್ನೊಂದು ಬಿಗಿ ಹಾಕಿತು: ಅತಿಸಣ್ಣ ಮತ್ತು ಸಣ್ಣ ಉದ್ಯಮಗಳಿಗೆ ಗಡುವಿನೊಳಗೆ ಕೊಡದ ಹಣವನ್ನು ನಿಜವಾಗಿ ಕೊಟ್ಟ ವರ್ಷದಲ್ಲಿ ಮಾತ್ರ ಖರ್ಚೆಂದು ಕಳೆದುಕೊಳ್ಳಬಹುದು.

2021ರ ಮಾರ್ಚ್ 24ರಂದು ಮೂರನೇ ಷೆಡ್ಯೂಲಿಗೆ ಆದ ತಿದ್ದುಪಡಿ ಓದುಗರಿಗೆ ದೊಡ್ಡ ಉಪಕಾರ ಮಾಡಿದೆ. ಅಲ್ಲಿಂದೀಚೆಗೆ ಕಂಪನಿಗಳು ಕರೆಂಟ್ ರೇಷಿಯೋ ಸೇರಿದಂತೆ 11 ಅನುಪಾತಗಳನ್ನು ಲೆಕ್ಕದ ಟಿಪ್ಪಣಿಗಳಲ್ಲಿ ತಾವೇ ಕೊಡಬೇಕು. ಹಿಂದಿನ ವರ್ಷಕ್ಕಿಂತ ಶೇಕಡಾ 25ಕ್ಕೂ ಹೆಚ್ಚು ಬದಲಾಗಿದ್ದರೆ ಕಾರಣ ಬರೆಯಬೇಕು. ಆ ಕಾರಣದ ಸಾಲು ಚಿಕ್ಕದು, ಆದರೆ ಅಂಕಿಗಿಂತ ಅದನ್ನೇ ಮೊದಲು ಓದುವುದು ಲೇಸು. ಅದರ ಜೊತೆಗೆ ಬರಬೇಕಾದ ಬಾಕಿಯ ವಯಸ್ಸಿನ ಕೋಷ್ಟಕವೂ ಇರುತ್ತದೆ: ಆರು ತಿಂಗಳೊಳಗಿನದು, ವರ್ಷದೊಳಗಿನದು, ಎರಡು ವರ್ಷದ್ದು, ಮೂರು ವರ್ಷದ್ದು, ಅದಕ್ಕೂ ಹಳೆಯದು. ಗ್ರಾಂಟ್ ಕಂಪನಿಯ ಗಿರಾಕಿಗಳ ಬಾಕಿಗೆ ಇಂಥದೊಂದು ಕೋಷ್ಟಕ ಅಚ್ಚಾಗಿದ್ದರೆ 143 ಬ್ಯಾಂಕುಗಳ ಕೈಯಲ್ಲಿ ಒಂದು ಒಳ್ಳೆಯ ಪ್ರಶ್ನೆಪತ್ರಿಕೆ ಇರುತ್ತಿತ್ತು.

ಕೊಡಬೇಕಾದ ಬಾಕಿಗೂ ಅಂಥದೇ ಕೋಷ್ಟಕ ಇದೆ. ಅದರಲ್ಲಿ ಅತಿಸಣ್ಣ, ಸಣ್ಣ ಉದ್ಯಮಗಳಿಗೆ ಕೊಡಬೇಕಾದದ್ದು ಒಂದು ಸಾಲು, ಉಳಿದವರದು ಇನ್ನೊಂದು, ತಕರಾರಿನಲ್ಲಿರುವವು ಬೇರೆ. ಈ ಸಣ್ಣವರ ಮೊತ್ತ ಅಡಾವೆ ಪತ್ರಿಕೆಯ ಮುಖಪುಟದಲ್ಲೇ ಪ್ರತ್ಯೇಕವಾಗಿ ಕಾಣಬೇಕೆಂಬುದು ನಿಯಮ. ಕಂಪನಿ ತನ್ನ ರೇಷಿಯೋ 1.5 ಎಂದು ಬರೆದುಕೊಂಡ ಟಿಪ್ಪಣಿಯಿಂದ ಕೆಲವು ಪುಟ ಆಚೀಚೆ ತಿರುವಿದರೆ, ಸಣ್ಣ ಉದ್ಯಮಗಳಿಗೆ ಅದು ಮೂರು ವರ್ಷದಿಂದ ಕೊಡದೆ ಉಳಿಸಿಕೊಂಡ ಹಣವೂ, ಇದ್ದರೆ, ಅದೇ ವರದಿಯಲ್ಲಿ ಲೆಕ್ಕಪರಿಶೋಧಕರ ಸಹಿಯೊಂದಿಗೆ ಅಚ್ಚಾಗಿರುತ್ತದೆ.